ಲಾರಿಯ ಉಳಿತಾಯ, ಊರಿನ ಉಸಿರು

ಶಿರಾಡಿ ಘಾಟಿಯನ್ನೇರುವ ಭಾರಿ ಲಾರಿಗಳಲ್ಲಿ 2020ರ ಏಪ್ರಿಲ್‌ನಿಂದೀಚೆಗೆ ತಯಾರಾದ ಬಿಎಸ್-6 ವಾಹನಗಳಿಗೆ ಮಸಿಯನ್ನು ಹಿಡಿದಿಡುವ ಫಿಲ್ಟರ್ ಉಂಟು. ಅದನ್ನು ಕಿತ್ತು ಹೊಗೆಕೊಳವೆ ಬದಲಿಸಿದರೆ ಡೀಸೆಲ್ ಉಳಿಯುವುದೆಂಬ ನಂಬಿಕೆಯಿದೆ. ಫಿಲ್ಟರು ಹೊಗೆಯ ಹಾದಿಗೆ ಕೊಂಚ ತಡೆಯೊಡ್ಡುವುದು ನಿಜ. ಆದರೆ ಕಿತ್ತು ಗಳಿಸುವುದು ಅಲ್ಪ. ಅದರ ಬೆಲೆ ತೆರುವವರು ರಸ್ತೆಯಂಚಿನ ಊರುಗಳ ಮಕ್ಕಳು. ಡೀಸೆಲ್ ಹೊಗೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿಯೇ ಸಾರಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಇಂತಹ ಮಾರ್ಪಾಟನ್ನು ಒಪ್ಪದು.

ಮಿತವಾದ ಹೊರೆ, ಟೈರಿಗೆ ಸರಿಯಾದ ಗಾಳಿ, ಹದವಾದ ವೇಗ, ನಿಂತಾಗ ಎಂಜಿನ್ ಆರಿಸುವುದು, ಕಟ್ಟಿಕೊಂಡ ಫಿಲ್ಟರನ್ನು ಶುಚಿಗೊಳಿಸುವುದು: ಡೀಸೆಲ್ ಉಳಿಸುವ ನೇರ ಮಾರ್ಗಗಳಿವು. ತಪಾಸಣೆಯ ವೇಳೆ ಫಿಲ್ಟರ್ ಇದೆಯೇ ಎಂಬುದನ್ನೂ ಪರೀಕ್ಷಿಸಬೇಕೆಂದು ನಮ್ಮ ಗ್ರಾಮಸಭೆಗಳು ನಿರ್ಣಯ ಕೈಗೊಳ್ಳಲಿ.