ಅದಿರಿಗೆ ಕೇಳಿದ ಪ್ರಶ್ನೆ ಅಂಗಿಗೂ ಸಲ್ಲಬೇಕು

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಾದ ದಿನ, ಸಂಜೆಯಾಗುವುದರೊಳಗೆ ಅದರ ಧಾರಣೆ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮೂಲೆಯ ಹಟ್ಟಿಗಳಿಗೂ ಮುಟ್ಟಿರುತ್ತದೆ. ಬೆಲೆ ಕುಸಿದರೆ ಯಾರನ್ನು ಕೇಳಬೇಕೆಂಬುದೂ ಬೆಳೆಗಾರನಿಗೆ ಗೊತ್ತು. 2023ರಲ್ಲಿ ಉಂಡೆ ಕೊಬ್ಬರಿಯ ದರ ಕ್ವಿಂಟಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಗಿಂತ ಕೆಳಗಿಳಿದಾಗ, ನಾಫೆಡ್ ಖರೀದಿಗಾಗಿ ಈ ಸೀಮೆಯ ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿ ದಾಟಿತು. ಆದರೆ ಇವೇ ಮನೆಗಳಿಂದ ಹೊರಟು ಪೀಣ್ಯದ ಗಾರ್ಮೆಂಟ್ಸ್ ಸೇರಿದ ಹೆಣ್ಣುಮಕ್ಕಳು ಹೊಲಿಯುವ ಅಂಗಿಯ ಕೂಲಿ ಎಲ್ಲಿ, ಯಾರಿಂದ ನಿಗದಿಯಾಗುತ್ತದೆ? ಹೊಲಿಯುವವಳಿಗೇ ಅದು ತಿಳಿಯದು.

ಬೆಲೆ ಕಟ್ಟುವುದು ಯುರೋಪು, ಅಮೆರಿಕಗಳ ಖರೀದಿದಾರ ಕಂಪನಿ. ಕಾಲರಿಗೆ ಇಷ್ಟು ಸೆಕೆಂಡು, ಕಾಜಾಕ್ಕೆ ಇಷ್ಟು ಸೆಕೆಂಡು ಎಂದು ಒಂದೊಂದು ಹೊಲಿಗೆಯ ಕಾಲವನ್ನೂ ಅಳೆದು, ಆ ನಿಮಿಷಗಳ ಮೇಲೆ ದರ ನಿಂತಿರುತ್ತದೆ. ಕಾರ್ಖಾನೆಯ ಮಾಲೀಕ ಆ ದರಕ್ಕೆ ಒಪ್ಪದಿದ್ದರೆ ಆರ್ಡರು ಬೇರೆ ದೇಶಕ್ಕೆ ಹೋಗುತ್ತದೆ. ಒಪ್ಪಿದರೆ ಕೊರತೆಯನ್ನು ತುಂಬಿಕೊಳ್ಳಲು ಅವನ ಕೈಗೆ ಸುಲಭವಾಗಿ ಸಿಗುವುದು ಕಾರ್ಮಿಕಳ ಗಂಟೆಯ ಟಾರ್ಗೆಟ್. ಆ ಒತ್ತಡವೇ ಸೂಪರ್‌ವೈಸರನ ಬೈಗುಳವಾಗಿ, ತಡೆಹಿಡಿದ ಮೂತ್ರವಾಗಿ, ಸಂಬಳವಿಲ್ಲದ ಹೆಚ್ಚುವರಿ ಅರ್ಧ ಗಂಟೆಯಾಗಿ ಕೆಳಗಿಳಿಯುತ್ತದೆ. ದರ ಬಿದ್ದಾಗ ರೈತನು ಕಾಯಿಯನ್ನು ಅಟ್ಟದ ಮೇಲೆಯೇ ಇನ್ನಷ್ಟು ದಿನ ಬಿಡಬಹುದು. ದಿನದ ದುಡಿಮೆಯನ್ನು ಅಟ್ಟಕ್ಕೆ ಹಾಕಿಡಲು ಬರುವುದಿಲ್ಲ.

ಕರ್ನಾಟಕದ ನಿದರ್ಶನಗಳೇ ಇದಕ್ಕೆ ಸಾಕು. ಕನಿಷ್ಠ ವೇತನದ ಭಾಗವಾದ ತುಟ್ಟಿಭತ್ಯೆ 2020ರ ಏಪ್ರಿಲ್‌ನಿಂದ ತಿಂಗಳಿಗೆ ಸುಮಾರು 417 ರೂಪಾಯಿ ಏರಬೇಕಿತ್ತು. ಕೊರೊನಾ ಕಾರಣವೊಡ್ಡಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಕೊಡಲೇಬೇಕೆಂದು ಅದೇ ವರ್ಷ ಉಚ್ಚ ನ್ಯಾಯಾಲಯ ಹೇಳಿದ ಮೇಲೂ ಕಾರ್ಖಾನೆಗಳು ಕೊಡಲಿಲ್ಲ. ಬಾಕಿ ಉಳಿದವರ ಸಂಖ್ಯೆ ನಾಲ್ಕು ಲಕ್ಷಕ್ಕೂ ಹೆಚ್ಚು. ಗಾರ್ಮೆಂಟ್ ಮತ್ತು ಜವಳಿ ಕಾರ್ಮಿಕರ ಸಂಘ ಇಲ್ಲಿ ಹೋರಾಡಿತು. ಅಮೆರಿಕದ ವರ್ಕರ್ಸ್ ರೈಟ್ಸ್ ಕನ್ಸಾರ್ಷಿಯಂ ಅಲ್ಲಿನ ಬ್ರಾಂಡುಗಳ ಮುಂದೆ ಲೆಕ್ಕ ಹಿಡಿದು ನಿಂತಿತು. 2021ರ ಕೊನೆಗೆ ದೊಡ್ಡ ಕಂಪನಿಗಳು ಬಾಕಿ ತೀರಿಸಲು ಮುಂದಾದವು. ನ್ಯಾಯಾಲಯದ ಮಾತಿಗೆ ಮಣಿಯದವರು ಖರೀದಿದಾರನ ಮುಖ ನೋಡಿ ಮಣಿದರೆಂಬುದು ಸರ್ಕಾರಕ್ಕೆ ನಾಚಿಕೆಯ ಸಂಗತಿ. ಹಗ್ಗ ಯಾರ ಕೈಯಲ್ಲಿದೆ ಎಂಬುದೂ ಅದರಿಂದಲೇ ಬಯಲಾಯಿತು.

ಶ್ರೀರಂಗಪಟ್ಟಣದಲ್ಲಿ 2020ರ ಜೂನ್‌ನಲ್ಲಿ ನಡೆದುದೂ ಇದಕ್ಕೆ ಹೊರತಲ್ಲ. ಸ್ವೀಡನ್ನಿನ ಎಚ್ ಅಂಡ್ ಎಮ್ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಘಟಕವು ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳುಹಿಸಿತು. ಕಾರ್ಮಿಕ ಸಂಘ ಬಲವಾಗಿದ್ದ ಘಟಕವದು. ಹೆಂಗಸರು ವಾರಗಟ್ಟಲೆ ಗೇಟಿನ ಬಳಿಯೇ ಕುಳಿತರು. 2021ರ ಆರಂಭದಲ್ಲಿ ಒಪ್ಪಂದವಾಗಿ, ಮರಳಿ ಕೆಲಸ ಕೊಡುವ ಮತ್ತು ಸಂಘಕ್ಕೆ ಮಾನ್ಯತೆ ನೀಡುವ ಮಾತು ಬರಹಕ್ಕೆ ಬಂತು.

ಈ ಹೆಂಗಸರು ಮೂಕರೆಂದು ಭಾವಿಸುವವರು 2016ರ ಏಪ್ರಿಲ್ 18 ಮತ್ತು 19ನ್ನು ಮರೆತಿದ್ದಾರೆ. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಮೂವತ್ತೈದು, ನಲವತ್ತಕ್ಕೇ ಕಣ್ಣು, ಬೆನ್ನು ಸೋತು ಊರಿಗೆ ಮರಳುವವಳಿಗೆ ಆ ಹಣವೇ ಮಗಳ ಓದು, ಮನೆಯ ಸೂರು. ಯಾವ ನಾಯಕನ ಕರೆಗೂ ಕಾಯದೆ ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ಅವರು ತುಂಬಿದರು. ಎರಡನೆಯ ದಿನವೇ ನಿಯಮ ಹಿಂದಕ್ಕೆ ಹೋಯಿತು.

ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಬಗೆದಾಗ ಚಳವಳಿ ಕೇಳಿದ ಪ್ರಶ್ನೆ ಸರಳವಾಗಿತ್ತು: ಈ ಲಾರಿ ಎಲ್ಲಿಂದ ಬಂತು, ಯಾರ ಪರವಾನಗಿಯ ಮೇಲೆ, ಯಾರಿಗಾಗಿ ಹೋಗುತ್ತಿದೆ? ರಾಜ್ಯದ ಅದಿರಿನ ಜಾಡನ್ನು ಗಣಿಯಿಂದ ಬಂದರಿನವರೆಗೆ ಹಿಡಿದ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಬಂದಿತು. ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತುಮಕೂರು ಜಿಲ್ಲೆಯ ಗಣಿಗಾರಿಕೆಯನ್ನೂ ನಿಲ್ಲಿಸಿತು. ಮಣ್ಣಿಗೆ ಸಂದ ಈ ವಿಚಾರಣೆ ಆ ಮಣ್ಣಿನ ಮಕ್ಕಳ ಬೆವರಿಗೇಕೆ ಸಲ್ಲಬಾರದು?

ಒತ್ತಾಯಿಸಿದರೆ ಕಾರ್ಖಾನೆಗಳು ಬಾಂಗ್ಲಾದೇಶಕ್ಕೆ ಹೋಗುತ್ತವೆಂಬ ಬೆದರಿಕೆ ಹಳೆಯದು. 2013ರ ಏಪ್ರಿಲ್ 24ರಂದು ಅಲ್ಲಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಳಿಕ ಇನ್ನೂರರಷ್ಟು ಬ್ರಾಂಡುಗಳು ಕಾನೂನಿಗೆ ಒಳಪಡುವ ಸುರಕ್ಷಾ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ನೆರೆಯ ತಮಿಳುನಾಡಿನಲ್ಲೂ, ಲೈಂಗಿಕ ಕಿರುಕುಳ ತಡೆಯಲು ಬ್ರಾಂಡುಗಳನ್ನು ಕಟ್ಟಿಹಾಕುವ ದಿಂಡಿಗಲ್ ಒಪ್ಪಂದ 2022ರಲ್ಲಿ ಆಯಿತು. ಕರ್ನಾಟಕಕ್ಕೆ ಬೇಕಾದುದು ಇಂಥದೇ ಕಟ್ಟು. ಖರೀದಿದಾರರು ತಾವೇ ಬರೆದು ಗೋಡೆಗೆ ತೂಗುಹಾಕುವ ನೀತಿಸಂಹಿತೆಯಲ್ಲ. ಹೊರಗಿನ ಕಾನೂನನ್ನೇ ನಂಬಿ ಕೂರುವಂತೆಯೂ ಇಲ್ಲ: ಯುರೋಪಿನ ಒಕ್ಕೂಟ 2024ರಲ್ಲಿ ಮಾಡಿದ ಹೊಣೆಗಾರಿಕೆಯ ಕಾನೂನಿನ ಜಾರಿಯನ್ನು 2025ರಲ್ಲಿ ಒಂದು ವರ್ಷ ಮುಂದೂಡಿತು. ಇಲ್ಲಿಯೂ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ, ಮುಚ್ಚಲು ಸರ್ಕಾರದ ಅನುಮತಿ ಬೇಕಾದ ಕಾರ್ಖಾನೆಗಳ ಮಿತಿ ನೂರು ಕಾರ್ಮಿಕರಿಂದ ಮುನ್ನೂರಕ್ಕೆ ಏರಿತು.

ಕೆಲಸ ಊರಿನಿಂದಲೂ ಆರಂಭವಾಗಬಹುದು. ಕಾಲೇಜು ವಿದ್ಯಾರ್ಥಿಗಳು ಹಬ್ಬಕ್ಕೆ ಬಂದ ಅಕ್ಕತಂಗಿಯರ ಸಂಬಳದ ಚೀಟಿಯನ್ನು ಜತೆಗೆ ಕುಳಿತು ಓದಲಿ. ಏಪ್ರಿಲ್‌ನ ತುಟ್ಟಿಭತ್ಯೆ ಸೇರಿದೆಯೇ, ಭವಿಷ್ಯ ನಿಧಿಯ ಖಾತೆಗೆ ಹಣ ಬಿದ್ದಿದೆಯೇ, ಓವರ್‌ಟೈಮಿಗೆ ಎರಡು ಪಟ್ಟು ಕೊಟ್ಟಿದ್ದಾರೆಯೇ ಎಂದು ನೋಡಲಿ. ಅವರು ಹೊಲಿದ ಬಟ್ಟೆಯ ಕೊರಳಪಟ್ಟಿಗೆ ಯಾವ ಕಂಪನಿಯ ಲೇಬಲ್ ಬೀಳುತ್ತದೆಂಬುದನ್ನೂ ಕಾರ್ಖಾನೆಯ ಹೆಸರಿನ ಜತೆ ಬರೆದಿಡಲಿ. ಸಂಘದವರು ಬ್ರಾಂಡಿನ ಬಾಗಿಲಿಗೆ ಹೋಗುವಾಗ ಮೊದಲು ಬೇಕಾಗುವುದು ಆ ಎರಡು ಹೆಸರುಗಳೇ.