ಕ್ಯೂ ರಿಪೇರಿ: ಲೇಥ್ ಬೇಡ, ಮೊದಲು ಬ್ಲೇಡ್ ಸಾಕು

"ಅಣ್ಣಾ, ಸಣ್ಣ ಲೇಥ್ ಮಷೀನ್ ಬುಕ್ ಮಾಡ್ಲಾಕತ್ತೀನಿ. 40 ಸಾವಿರ. ಇಎಂಐ ಐತಿ. ನಿನ್ನ ಕಾರ್ಡ್ ಮ್ಯಾಲೆ ತಗೋಳ್ಳೇನು?"

ತಿಕೋಟಾದಿಂದ ಕಾಕಾನ ಮಗ ಹೀಗೆ ಫೋನ್ ಮಾಡಿದಾಗ ನಾನು ಆಫೀಸ್ ಕಾಲ್‌ನಲ್ಲಿದ್ದೆ. "ತಮ್ಮಾ, ಎರಡು ದಿನ ತಡಿ, ಶನಿವಾರ ಬರ್ತೀನಿ" ಅಂದು ಇಟ್ಟೆ.

ಅವನ ಅಂಗಡಿ ಅಂದರೆ ತಗಡಿನ ಸೂರಿನ ಒಂದು ಕೋಣೆ. ನಡುವೆ ಸೆಕೆಂಡ್ ಹ್ಯಾಂಡ್ ಪೂಲ್ ಟೇಬಲ್, ಗೋಡೆಗೆ ಪಂಕಜ್ ಅಡ್ವಾಣಿ ಫೋಟೊ, ಮೂಲೆಯಲ್ಲಿ ನಾಲ್ಕು ಕ್ಯೂ. ಕಾಕಾ ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಹಾಕಿಕೊಟ್ಟದ್ದು. ಇನ್ನೊಮ್ಮೆ ಕೇಳಿದರೆ ಕೊಡುವ ಸ್ಥಿತಿ ಇಲ್ಲ. ನಾಲ್ಕರಲ್ಲಿ ಎರಡು ಕ್ಯೂಗೆ ತುದಿಯ ಚರ್ಮ, ಅಂದರೆ ಟಿಪ್, ಹಾರಿಹೋಗಿತ್ತು. ವಿಜಯಪುರಕ್ಕೆ ರಿಪೇರಿಗೆ ಕೊಟ್ಟರೆ ವಾಪಸ್ ಬರಲು ಒಂದು ವಾರ. ಟಿಪ್ ಇಲ್ಲದ ಕ್ಯೂ ಹಿಡಿದು ಆಡಲು ಯಾರು ದುಡ್ಡು ಕೊಡುತ್ತಾರೆ? ಅವನ ಸಂಕಟ ಸುಳ್ಳಲ್ಲ.

ಆದರೆ ಲೆಕ್ಕ ಮಾಡಿ. ನಾಲ್ಕು ಕ್ಯೂ, ಎರಡು ತಿಂಗಳಿಗೊಮ್ಮೆ ಒಂದೊಂದು ಟಿಪ್ ಅಂದರೂ ವರ್ಷಕ್ಕೆ 24 ಟಿಪ್. 24 ಟಿಪ್‌ಗಾಗಿ 40 ಸಾವಿರದ ಮಷೀನ್! ಕ್ಯೂ ತುದಿಗೆ ಚರ್ಮ ಹಚ್ಚುವುದನ್ನು 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಮಿಂಗೋ ರೂಢಿಗೆ ತಂದ ಎನ್ನುತ್ತಾರೆ. ಆಗ ಕರೆಂಟಿನ ಲೇಥ್ ಎಲ್ಲಿತ್ತು?

ಅವತ್ತೇ ಜಾಣತನ ತೋರಿಸಲು ಹೋಗಿ ನಾನು ಕೆಟ್ಟೆ. ಅಂಟು ಮೆತ್ತಗಾಗಲಿ ಅಂತ ಟಿಪ್ ಕೆಳಗೆ ಲೈಟರ್ ಹಿಡಿದೆ. ಒನಕೆಯ ತುದಿಗೆ ಕಬ್ಬಿಣದ ಬಳೆ ಇರುವ ಹಾಗೆ ಕ್ಯೂ ತುದಿಗೂ ಒಂದು ಬಳೆ ಇರುತ್ತದೆ, ಅದಕ್ಕೆ ಫೆರುಲ್ ಅಂತಾರೆ. ಸ್ನೂಕರ್ ಕ್ಯೂನಲ್ಲಿ ಅದು ಸಾಮಾನ್ಯವಾಗಿ ಹಿತ್ತಾಳೆ. ತಮ್ಮನ ಪೂಲ್ ಕ್ಯೂನಲ್ಲಿ ಪ್ಲಾಸ್ಟಿಕ್. ಕಣ್ಣೆದುರಿಗೇ ಕಪ್ಪಾಗಿ ಸೊಟ್ಟಗಾಯಿತು. ಇದ್ದ ನಾಲ್ಕರಲ್ಲಿ ಅದೇ ಚಲೋ ಕ್ಯೂ. ಅವನು ಬೈಯಲಿಲ್ಲ, "ಇರ್ಲಿ ಬಿಡಣ್ಣಾ" ಅಂದ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಮೂರು ವಾರಾಂತ್ಯ ಕೂತು, ಹಳೇ ಕ್ಯೂಗಳ ಮೇಲೆ ಕೈ ಪಳಗಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಳ್ಳುವ ಮುಂಚೆ ಕ್ಯೂ ನೋಡಿ. ಅಗ್ಗದ ಕೆಲವು ಕ್ಯೂಗಳಲ್ಲಿ ಟಿಪ್ ಸ್ಕ್ರೂ ಆಗಿರುತ್ತದೆ. ತಿರುಗಿಸಿದರೆ ಬಿಚ್ಚುತ್ತದೆ, ಅದೇ ಅಳತೆಯ ಹೊಸದನ್ನು ತಿರುಗಿಸಿದರೆ ಕೆಲಸ ಮುಗಿಯಿತು. ಅಂಟಿಸಿದ ಟಿಪ್ ಆದರೆ ಮಾತ್ರ ಮುಂದಿನ ಸಾಮಾನು ಬೇಕು. ಎರಡನೆಯದು ಅಳತೆ. ಸ್ನೂಕರ್ ಕ್ಯೂ ತುದಿ ಸಾಧಾರಣ 9ರಿಂದ 10 ಮಿಲಿಮೀಟರ್, ಪೂಲ್ ಕ್ಯೂ ತುದಿ 12ರಿಂದ 13. ಟಿಪ್ ಯಾವಾಗಲೂ ಫೆರುಲ್‌ಗಿಂತ ಕೂದಲೆಳೆಯಷ್ಟು ದೊಡ್ಡದಿರಲಿ. ದೊಡ್ಡದನ್ನು ಕೆತ್ತಬಹುದು, ಸಣ್ಣದನ್ನು ಹಿಗ್ಗಿಸಲು ಆಗುವುದಿಲ್ಲ.

ನಮಗೆ ಬಿದ್ದ ಖರ್ಚು ಇಷ್ಟು. ಪ್ಲಾಸ್ಟಿಕ್ ವರ್ನಿಯರ್ 150 ರೂಪಾಯಿ. ಪೇಪರ್ ಕತ್ತರಿಸುವ ಕಟರ್ ಮತ್ತು ಹೆಚ್ಚುವರಿ ಬ್ಲೇಡ್ 60. ಸ್ಯಾಂಡ್ ಪೇಪರ್ 120, 240, 600 ನಂಬರಿನವು, ಮೂರೂ ಸೇರಿ 60. ಜೆಲ್ ರೂಪದ ಸೂಪರ್ ಗ್ಲೂ ಎರಡು ಟ್ಯೂಬ್ 50. ಮಾಸ್ಕಿಂಗ್ ಟೇಪ್ 40. ಹತ್ತು ಟಿಪ್ 200. ಒಟ್ಟು 560. ಟಿಪ್ ಮಾತ್ರ ಆನ್‌ಲೈನ್, ಉಳಿದದ್ದೆಲ್ಲ ಗಾಂಧಿ ಚೌಕ್ ಸುತ್ತಮುತ್ತ ಒಂದೇ ಸಂಜೆ ಸಿಕ್ಕಿತು.

ಇದರ ಜೊತೆಗೆ ಅಂಗಡಿಯಲ್ಲಿ ಸಿಗದ ಒಂದು ಸಾಮಾನು ಇದೆ, ಅದೇ ಎಲ್ಲಕ್ಕಿಂತ ಮುಖ್ಯ. ಟಿಪ್ ಪದೇಪದೇ ಹಾರಲು ದೊಡ್ಡ ಕಾರಣ ಅಂಟಲ್ಲ, ಫೆರುಲ್‌ನ ಮುಖ ಸಪಾಟಾಗಿ ಇಲ್ಲದಿರುವುದು. ಎರಡು ಮುಖ ಪೂರ್ತಿ ಕೂಡದಿದ್ದರೆ ಎಂಥ ಅಂಟಾದರೂ ಎಷ್ಟು ಹೊಡೆತ ತಡೆದೀತು? ಬಬಲೇಶ್ವರದಲ್ಲಿ ನಮ್ಮ ಪರಿಚಯದ ಬಡಿಗೇರ ಕಾಕಾ ಒಬ್ಬರಿದ್ದಾರೆ. ಸಮಸ್ಯೆ ಹೇಳಿದೆ. ಮೂರಿಂಚಿನ ಸಾಗವಾನಿ ತುಂಡಿಗೆ ಉದ್ದಕ್ಕೂ ಒಂದು ವಿ ಆಕಾರದ ಗಾಡಿ ಹೊಡೆದು, ಅದರ ಕೊನೆಗೆ ಕಾಟಕೋನದಲ್ಲಿ ಒಂದು ಅಡ್ಡಪಟ್ಟಿ ಜಡಿದುಕೊಟ್ಟರು. ಪಟ್ಟಿಯ ಒಳಮೈಗೆ ಸ್ಯಾಂಡ್ ಪೇಪರ್ ಅಂಟಿಸಿ, ಕ್ಯೂವನ್ನು ಗಾಡಿಯಲ್ಲಿ ಮಲಗಿಸಿ, ಮೆಲ್ಲಗೆ ಒತ್ತಿ ತಿರುಗಿಸುತ್ತಾ ಹೋದರೆ ಮುಖ ತಾನೇ ನೇರವಾಗುತ್ತದೆ. "ಎಷ್ಟ್ರೀ ಕಾಕಾ?" ಅಂದೆ. "ಚಾ ಕುಡಿಸಪಾ, ತುಂಡು ಕಟಿಗಿಗೆ ಏನ್ ರೊಕ್ಕ" ಅಂದರು. ಅಂದ ಹಾಗೆ, ಲೇಥ್ ಮಾಡುವ ಮುಖ್ಯ ಕೆಲಸವೂ ಇದೇ: ಕ್ಯೂವನ್ನು ನೇರ ಹಿಡಿದು ತಿರುಗಿಸುವುದು.

ಇನ್ನು ಕೆಲಸದ ಕ್ರಮ. ಹಳೇ ಟಿಪ್ ಅನ್ನು ಪಕ್ಕಡಿನಿಂದ ಎಳೆಯಬೇಡಿ, ಫೆರುಲ್ ಸೀಳುತ್ತದೆ. ಬ್ಲೇಡಿನಿಂದ ತೆಳ್ಳಗೆ ಸವರಿ, ಉಳಿದ ಚರ್ಮ, ಅಂಟನ್ನು ಕಾಕಾನ ಕಟಿಗಿ ತುಂಡಿನಲ್ಲಿ ತಿಕ್ಕಿ ತೆಗೆಯಿರಿ. ಹೊಸ ಟಿಪ್‌ನ ತಳವನ್ನು ಸಪಾಟಾದ ಟೈಲ್ ಮೇಲೆ 120ರ ಪೇಪರ್ ಹಾಸಿ ನಾಲ್ಕು ಸಲ ಉಜ್ಜಿ. ಅಂಟು ಒಂದು ಹನಿ ಸಾಕು. ಜೆಲ್ ಯಾಕೆ ಅಂದರೆ, ನೀರಿನಂಥ ಸೂಪರ್ ಗ್ಲೂ ಚರ್ಮದೊಳಗೆ ಇಳಿದು ಟಿಪ್ ಕಲ್ಲಾಗುತ್ತದೆ. ಜೆಲ್ ಮೇಲೇ ನಿಲ್ಲುತ್ತದೆ, ಟಿಪ್ ನಡುವೆ ಕೂರಿಸಲು ಕೆಲವು ಸೆಕೆಂಡ್ ಸಿಗುತ್ತವೆ. ಸೋರಿದ ಅಂಟನ್ನು ಹತ್ತಿಯಿಂದಾಗಲಿ ಹತ್ತಿಬಟ್ಟೆಯಿಂದಾಗಲಿ ಒರೆಸಬೇಡಿ. ಸೂಪರ್ ಗ್ಲೂ ಹತ್ತಿಗೆ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಕಿಟಕಿ ತೆಗೆದಿರಲಿ.

ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ಫೆರುಲ್‌ಗೆ ಮಾಸ್ಕಿಂಗ್ ಟೇಪ್ ಸುತ್ತಿ, ಕ್ಯೂವನ್ನು ತಲೆಕೆಳಗಾಗಿ ಹಲಗೆಯ ಮೇಲೆ ಒತ್ತಿ ಹಿಡಿದು, ಹೊರಚಾಚಿದ ಚರ್ಮವನ್ನು ಬ್ಲೇಡಿನಿಂದ ಸುತ್ತಲೂ ಕೆಳಮುಖವಾಗಿ ಕತ್ತರಿಸಿ. 240ರಲ್ಲಿ ಬದಿ ಸಾಪು ಮಾಡಿ, 600ರಲ್ಲಿ ಮುಗಿಸಿ. ಮೇಲ್ಭಾಗ ಗುಮ್ಮಟದ ಹಾಗೆ ಇರಬೇಕು. ಎಷ್ಟು ಬಾಗು? ಅಮೆರಿಕದ ಪೂಲ್ ಆಟಗಾರರು ತಮ್ಮ ಐದು ಸೆಂಟ್ ನಾಣ್ಯದ ಅಂಚಿಗೆ ಹೋಲಿಸುತ್ತಾರೆ, ಅದರ ಅಗಲ 21 ಮಿಲಿಮೀಟರ್ ಚಿಲ್ಲರೆ. ನಮ್ಮ ಒಂದು ರೂಪಾಯಿ ನಾಣ್ಯ ಹೆಚ್ಚುಕಡಿಮೆ ಅಷ್ಟೇ. ಟಿಪ್ ಪಕ್ಕ ನಾಣ್ಯ ಹಿಡಿದು ಬಾಗು ಹೋಲಿಸಿ ನೋಡಿ. ಅದಕ್ಕಂತಲೇ ಮಾರುವ ಶೇಪರ್ ಆಮೇಲೆ ಕೊಂಡರಾಯಿತು.

ಕೊಳ್ಳಬಾರದ್ದು ಮೂರು: ಲೇಥ್, ಟಿಪ್ ಒತ್ತಿಹಿಡಿಯುವ ದುಬಾರಿ ಕ್ಲ್ಯಾಂಪ್, ಎಲ್ಲವೂ ಒಂದರಲ್ಲೇ ಇರುವ ಕಿಟ್. ಡ್ರಿಲ್ ಮಷೀನಿಗೆ ಕ್ಯೂ ಸಿಕ್ಕಿಸಿ ತಿರುಗಿಸುವ ಪ್ರಯೋಗವಂತೂ ಬೇಡ. ಅಷ್ಟುದ್ದದ ಕಟ್ಟಿಗೆ ತೂಗಾಡಿ ಯಾರಿಗೋ ಬಡಿಯುತ್ತದೆ.

ಆ್ಯಶ್ ಮರದ ಸ್ನೂಕರ್ ಕ್ಯೂ ಇದ್ದವರು ಪೇಂಟ್ ಅಂಗಡಿಯಿಂದ ಸಣ್ಣ ಬಾಟಲಿ ಅಗಸಿ ಎಣ್ಣೆ ತರಬಹುದು. ಹೌದು, ನಾವು ಚಟ್ನಿ ಮಾಡುವ ಅದೇ ಅಗಸಿ. ಬಟ್ಟೆಗೆ ನಾಲ್ಕು ಹನಿ ಹಾಕಿ ತಿಕ್ಕಿ, ಒರೆಸಿ, ಒಂದು ರಾತ್ರಿ ಬಿಡಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ, ತಾನಾಗೇ ಕಾದು ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ. ಮತ್ತೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕ್ಯೂವನ್ನು ಕಾರಿನಲ್ಲಾಗಲಿ ತಗಡಿನ ಕೆಳಗಾಗಲಿ ಇಡಬೇಡಿ. ಡೊಂಕಾದ ಕಟ್ಟಿಗೆಯನ್ನು ಈ 560 ರೂಪಾಯಿ ಸಾಮಾನು ನೆಟ್ಟಗೆ ಮಾಡಲಾರದು. ಕೊಳ್ಳುವಾಗಲೂ ಬಡಿಗೇರರು ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ.

ಕಟ್ಟಿಗೆ ಸೀಳಿದ್ದರೆ, ನಡುವಿನ ಜಾಯಿಂಟ್ ಅಲುಗಾಡುತ್ತಿದ್ದರೆ ಕೈ ಹಾಕಬೇಡಿ. ಅದು ಮಷೀನ್ ಇರುವ ಅನುಭವಿಗಳ ಕೆಲಸ. ಬೇರೆಯವರ ಕ್ಯೂ ಮುಟ್ಟುವ ಮುಂಚೆ ಹಳೇ ಕ್ಯೂ ಮೇಲೆ ಐದು ಟಿಪ್ ಹಾಳು ಮಾಡಿ. ನನ್ನ ಹಾಗೆ ತಮ್ಮನ ಚಲೋ ಕ್ಯೂ ಮೇಲೆ ಕಲಿಯಬೇಡಿ.

ತಮ್ಮ ಲೇಥ್ ತಗೊಂಡಿಲ್ಲ. ಹೋದ ವಾರ ಫೋನ್ ಮಾಡಿದ್ದ: "ಅಣ್ಣಾ, ಬಬಲೇಶ್ವರದ ಹುಡುಗರು ಎರಡು ಕ್ಯೂ ತಂದಾರ. ಒಂದು ಹಚ್ಚಿಕೊಟ್ಟೆ, ಇನ್ನೊಂದು ಸೀಳೇತಿ, ಒಲ್ಲೆ ಅಂದೆ." ನಾನು ಸುಟ್ಟ ಕ್ಯೂ ಇನ್ನೂ ಅವನ ಅಂಗಡಿಯ ಮೂಲೆಯಲ್ಲೇ ಇದೆ. ಹೊಸ ಅಂಟು ತಂದಾಗೆಲ್ಲ ಮೊದಲು ಅದರ ಮೇಲೆ ಹಚ್ಚಿ ನೋಡುತ್ತಾನಂತೆ.