ನಮ್ಮ ದಫ್ತರ ಯಾರ ಅಟ್ಟದ ಮೇಲಿದೆ?

ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವಿದೆ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಅದನ್ನು ಸ್ಥಾಪಿಸಿದರು. ಮಠಗಳಿಗೆ ಬೇಕಾದ ವಟುಗಳನ್ನು ಸಿದ್ಧಪಡಿಸುವುದು ಅದರ ಮುಖ್ಯ ಕೆಲಸ. ಅದರೊಂದಿಗೆ ಹಳೆಯ ತಾಡವೋಲೆ ಕಟ್ಟುಗಳನ್ನು ಕೂಡಿಸಿ ಜೋಪಾನ ಮಾಡುವ ಕೆಲಸವನ್ನೂ ಅಲ್ಲಿ ಕೈಕೊಂಡರು. ನಾವು ಸಮಾಜವಾದಿಗಳು. ಮಠದ ಎಲ್ಲ ಮಾತಿಗೂ ತಲೆದೂಗುವವರಲ್ಲ. ಜಾತಿಯ ವಿಷಯದಲ್ಲಿ, ಭೂಮಿಯ ವಿಷಯದಲ್ಲಿ ಮಠಗಳೊಡನೆ ನಮ್ಮ ಜಗಳ ಹಳೆಯದು. ಆದರೆ ನ್ಯಾಯದ ಮಾತನ್ನು ಯಾರ ಮುಂದಾದರೂ ಒಪ್ಪಬೇಕು. ತಮ್ಮ ಹಿರಿಯರು ಬರೆದದ್ದನ್ನು ಅವರು ಹುಳಕ್ಕೆ, ಒಲೆಗೆ ಬಿಡಲಿಲ್ಲ. ಬಡವರ ರಾಜ್ಯ ತರುತ್ತೇವೆಂದು ಹೊರಟ ನಮ್ಮ ಚಳವಳಿಯ ನಡಾವಳಿ ಪುಸ್ತಕಗಳೆಲ್ಲಿ? ಪಾವತಿ ಪುಸ್ತಕಗಳೆಲ್ಲಿ? ಹಂಚಿದ ಕರಪತ್ರಗಳಲ್ಲಿ ಒಂದೊಂದು ಪ್ರತಿಯಾದರೂ ಯಾರ ಹತ್ತಿರ ಇದೆ?

ಈ ಮಾತೆತ್ತಿದರೆ ಸಾಕು, ನಮ್ಮ ಕಾರ್ಯಕರ್ತರಲ್ಲೇ ಕೆಲವರು ನಗುತ್ತಾರೆ. "ಮಾಸ್ತರರು ಸಾಲಿ ಬಿಟ್ಟರೂ ಹಾಜರಿ ಪುಸ್ತಕ ಬಿಡಲಿಲ್ಲ" ಎಂದು ಚೇಷ್ಟೆ ಮಾಡುತ್ತಾರೆ. "ಇತಿಹಾಸ ದೊಡ್ಡವರದು. ತಾಲೂಕಿನ ಒಂದು ಸಣ್ಣ ಘಟಕಕ್ಕೆ ಎಂಥ ಇತಿಹಾಸ? ಹತ್ತು ಮಂದಿ, ಒಂದು ಬಾವುಟ, ಚಹದಂಗಡಿಯ ಹಿಂದಿನ ಒಂದು ಕೋಣೆ" ಎನ್ನುತ್ತಾರೆ. ಇದು ವಿನಯವೆಂದು ಅವರು ತಿಳಿದಿದ್ದಾರೆ. ನಾವು ಇದನ್ನು ಗುಲಾಮಗಿರಿ ಎನ್ನುತ್ತೇವೆ. ಬಡವನ ಕೂಲಿ ಸಣ್ಣದು, ಬಡವನ ಮನೆ ಸಣ್ಣದು, ಕೊನೆಗೆ ಬಡವನ ನೆನಪೂ ಸಣ್ಣದು ಎಂದು ಒಪ್ಪಿಕೊಂಡಂತಾಯಿತು. ಒಡೆಯರಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

ನಮ್ಮ ಸೀಮೆಯನ್ನೇ ನೋಡಿರಿ. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯಲ್ಲಿ ಕೋಟೆ ಕಟ್ಟಿಸಿದ್ದನ್ನು ಬಂಡೆಯ ಮೇಲೆ ಕೊರೆಯಿಸಿದ. ಇವತ್ತಿಗೂ ಓದಬಹುದು. ಆ ಶಾಸನದಲ್ಲಿ ಕಲ್ಲು ಹೊತ್ತವರ ಹೆಸರಿಲ್ಲ. 1857ರಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ಇಂಗ್ಲಿಷ್ ಸರಕಾರಕ್ಕೆ ಎದುರು ನಿಂತರು, ಗಲ್ಲಿಗೇರಿದರು. ಅವರ ಕಥೆ ಉಳಿದದ್ದು ಲಾವಣಿಯಲ್ಲಿ. ಆ ಲಾವಣಿಯನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಯಾರು? ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ! ಗಲ್ಲಿಗೆ ಹಾಕಿದ ಸರಕಾರದ ನೌಕರನೇ ಗಲ್ಲಿಗೇರಿದವರ ಹಾಡನ್ನು ಕಾಯಬೇಕಾಯಿತು.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ಸೀಮೆಯದೇ. ವಿಜಾಪುರದ ವಕೀಲ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆ ಮನೆಯ ತಾಡವೋಲೆ ಕೇಳಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಮನೆ ಮಾರಿ ಮುದ್ರಣಾಲಯ ಹಾಕಿದರು. ನೇಕಾರ ಜೇಡರ ದಾಸಿಮಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಮಾರಯ್ಯನ ಮಡದಿ ಲಕ್ಕಮ್ಮ, ಇವರೆಲ್ಲ ರಾಜರಲ್ಲ, ಸೆಟ್ಟಿಗಳಲ್ಲ. ದುಡಿದು ಉಂಡವರು. ಅವರ ಮಾತು ಎಂಟುನೂರು ವರುಷ ದಾಟಿ ಇಳಕಲ್ಲಿನ ಮಗ್ಗದ ಕುಣಿಯ ತನಕ ಬಂದದ್ದು ಹೇಗೆ? ಒಬ್ಬರು ಬರೆದಿಟ್ಟರು, ಹತ್ತು ತಲೆಮಾರಿನವರು ಕಾಯ್ದರು, ಒಬ್ಬರು ಅಚ್ಚು ಹಾಕಿಸಿದರು. ಸಣ್ಣವರ ಮಾತಿಗೆ ಇತಿಹಾಸವಿಲ್ಲ ಎನ್ನುವವರು ಕೂಡಲಸಂಗಮಕ್ಕೆ ಇಷ್ಟೇ ಹತ್ತಿರವಿದ್ದು ಆ ಮಾತನ್ನು ಹೇಗೆ ಆಡುತ್ತಾರೋ ನಮಗೆ ತಿಳಿಯದು.

ಇನ್ನು ನಮ್ಮ ಪಕ್ಷದ ಕಡೆಗೆ ಬರೋಣ. 1934ರಲ್ಲಿ ಪಾಟ್ನಾದಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದರು. ನಮ್ಮ ಕನ್ನಡ ನಾಡಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಮುಂದಾಳುಗಳಲ್ಲಿ ಒಬ್ಬರು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರಬಂದರು. 1952ರಲ್ಲಿ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದೊಡನೆ ಕೂಡಿ ಪ್ರಜಾ ಸಮಾಜವಾದಿ ಪಕ್ಷವಾಯಿತು. 1955ರ ಕೊನೆಗೆ ಲೋಹಿಯಾ ಬೇರೆಯಾಗಿ ತಮ್ಮ ಸಮಾಜವಾದಿ ಪಕ್ಷ ಕಟ್ಟಿದರು. 1964ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷ. 1971ರಲ್ಲಿ ಮತ್ತೆ ಕೂಡಿಕೆ. 1977ರಲ್ಲಿ ಜನತಾ ಪಕ್ಷದಲ್ಲಿ ವಿಸರ್ಜನೆ. ಆಮೇಲಿನ ಒಡಕುಗಳನ್ನು ಎಣಿಸಲು ಕೈಬೆರಳು ಸಾಲವು.

ಈ ಒಡಕುಗಳ ತತ್ತ್ವವನ್ನು ಇಲ್ಲಿ ಚರ್ಚಿಸುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಪಕ್ಷ ಒಡೆದಾಗಲೆಲ್ಲ ದಫ್ತರದ ಪೆಟ್ಟಿಗೆ ಯಾರ ಮನೆಗೆ ಹೋಯಿತು? ದೊಡ್ಡವರ ಕಾಗದಗಳಿಗೆ ಭಯವಿಲ್ಲ. ಜಯಪ್ರಕಾಶರ ಪತ್ರಗಳು ದಿಲ್ಲಿಯ ತೀನ್ ಮೂರ್ತಿ ಭವನದ ಗ್ರಂಥಾಲಯದಲ್ಲಿ ಭದ್ರವಾಗಿವೆ. ತಾಲೂಕಿನ ಕಾರ್ಯದರ್ಶಿಯ ಪೆಟ್ಟಿಗೆ ಅವನ ಮನೆಯ ಅಟ್ಟಕ್ಕೆ ಹೋಗುತ್ತದೆ. ಅವನ ಕಾಲವಾದ ಮೇಲೆ ಮಕ್ಕಳು ಮನೆ ಸಾರಿಸುವಾಗ ರದ್ದಿಯವನನ್ನು ಕರೆಯುತ್ತಾರೆ. ಒಂದು ಮುಷ್ಕರದ ಠರಾವು ಸಂತೆಯಲ್ಲಿ ಶೇಂಗಾದ ಪೊಟ್ಟಣವಾಗುತ್ತದೆ. ಮಕ್ಕಳ ಮೇಲೆ ನಮ್ಮ ಸಿಟ್ಟಿಲ್ಲ. ಅದು ಪಕ್ಷದ ಆಸ್ತಿ ಎಂದು ಅವರಿಗೆ ಯಾರಾದರೂ ಹೇಳಿದ್ದರೆ ತಾನೆ? ಪಕ್ಷದ ದಫ್ತರವನ್ನು ಪಿತ್ರಾರ್ಜಿತವೆಂದು ತಿಳಿದು ಬೀಗ ಹಾಕಿ ಕೂತ ಮುಖಂಡರ ಮೇಲೆ ನಮ್ಮ ಸಿಟ್ಟು. ಖಾಸಗಿ ಸ್ವತ್ತು ಸಮಾಜದ್ದಾಗಬೇಕು ಎಂದು ವೇದಿಕೆಯ ಮೇಲೆ ಗುಡುಗುವವರು ಸಮಾಜದ ಸ್ವತ್ತನ್ನು ಖಾಸಗಿ ಮಾಡಿಕೊಳ್ಳುವುದು ಯಾವ ಸಮಾಜವಾದ?

ಕಾಗದವೆಂದರೆ ಹೊಟ್ಟೆ ತುಂಬಿದವರ ಚಟ ಎನ್ನುವವರು ಕಾಗೋಡಿನ ಕಥೆಯನ್ನು ಮತ್ತೊಮ್ಮೆ ನೆನೆಯಬೇಕು. ಮಲೆನಾಡಿನ ಸಾಗರ ತಾಲೂಕಿನ ಆ ಹಳ್ಳಿಯಲ್ಲಿ ಗೇಣಿಯ ಭತ್ತ ಅಳೆಯುವ ಕೊಳಗದ ಮೇಲೆ ಜಗಳ ಹುಟ್ಟಿತು. ಒಡೆಯರ ಕೊಳಗ ದೊಡ್ಡದು, ರೈತನ ಪಾಲು ಸಣ್ಣದು. ಎಚ್. ಗಣಪತಿಯಪ್ಪನವರು ಒಂದು ತಾಲೂಕಿನ ರೈತ ಸಂಘವನ್ನು ಕಟ್ಟಿಕೊಂಡು ಗೇಣಿದಾರರನ್ನು ಎಬ್ಬಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಸುರುವಾಯಿತು. ಗೋಪಾಲಗೌಡರೂ ಸಮಾಜವಾದಿ ಗೆಳೆಯರೂ ಬೆನ್ನಿಗೆ ನಿಂತರು. ಜೂನ್ ತಿಂಗಳಲ್ಲಿ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಮರುವರುಷ ಅದೇ ಸೀಮೆಯಿಂದ ಗೋಪಾಲಗೌಡರು ವಿಧಾನಸಭೆಗೆ ಆರಿಸಿ ಹೋದರು. 1974ರ ಮಾರ್ಚ್ 1ರಿಂದ ಉಳುವವನೇ ಒಡೆಯನೆಂಬ ಕಾನೂನು ಜಾರಿಗೆ ಬಂತು. ಅದನ್ನು ನೋಡಲು ಗೋಪಾಲಗೌಡರು ಇರಲಿಲ್ಲ. 1972ರಲ್ಲೇ ತೀರಿಕೊಂಡಿದ್ದರು.

ಈ ಕಾನೂನು ಬಂದಾಗ ಗೇಣಿದಾರನು ಏನು ಮಾಡಬೇಕಾಯಿತು? ಏಳನೆಯ ನಮೂನೆಯ ಅರ್ಜಿ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಯಿತು. ತಾನೇ ಉಳುವವನೆಂದು ತೋರಿಸಬೇಕಾಯಿತು. ಪಹಣಿಯಲ್ಲಿ ಹೆಸರಿದ್ದವನು, ಗೇಣಿಯ ಪಾವತಿ ಇಟ್ಟುಕೊಂಡವನು ಎದೆ ಸೆಟೆಸಿ ನಿಂತ. ಬಾಯಿಮಾತಿನ ಮೇಲೆ ತಲೆತಲಾಂತರ ಉತ್ತವನು ಸಾಕ್ಷಿಗಾಗಿ ಊರೆಲ್ಲ ತಿರುಗಿದ. ಇಪ್ಪತ್ತು ವರುಷದ ಹೋರಾಟದಿಂದ ಬಂದ ಹಕ್ಕು ಒಂದು ತುಂಡು ಕಾಗದದ ಮೇಲೆ ನಿಂತಿತು. ಇದು ಹೊಟ್ಟೆ ತುಂಬಿದವರ ಚಟವೇ? ಕಾಗೋಡಿನ ಸತ್ಯಾಗ್ರಹವಾದರೂ ಇವತ್ತಿನ ಹುಡುಗರ ಕೈಗೆ ಸಿಕ್ಕಿದೆಯೆಂದರೆ ಜಿ. ರಾಜಶೇಖರರಂಥವರು ಅದರ ಮೇಲೆ ಪುಸ್ತಕ ಬರೆದುದರಿಂದ. ಹೀಗೆ ಬರೆಯುವವರು ಸಿಗದ ಹೋರಾಟಗಳು ಎಷ್ಟು!

ಇನ್ನೊಂದು ಕಹಿ ಮಾತು. ನಾವು ಬರೆಯದಿದ್ದರೆ ನಮ್ಮ ವಿಷಯ ಯಾರೂ ಬರೆಯುವುದಿಲ್ಲ ಎಂದು ತಿಳಿಯಬೇಡಿರಿ. ಪೊಲೀಸರು ಬರೆಯುತ್ತಾರೆ. 1956ರ ನವೆಂಬರ್ 1ರ ತನಕ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಮುಂಬಯಿ ಸರಕಾರದ ಗೃಹ ಇಲಾಖೆಯ ಕಡತಗಳನ್ನು ಇಂದೂ ಮುಂಬಯಿಯ ದಫ್ತರಖಾನೆಯಲ್ಲಿ ಕಟ್ಟುಕಟ್ಟಾಗಿ ಇಟ್ಟಿದ್ದಾರೆ. ಯಾರು ಸಭೆ ಮಾಡಿದರು, ಯಾರು ಭಾಷಣ ಮಾಡಿದರು ಎಂಬುದನ್ನು ಆ ಕಾಲದ ಪೊಲೀಸರು ತಪ್ಪದೆ ಬರೆದಿಟ್ಟರು. ಸರಕಾರಕ್ಕೆ ನಮ್ಮ ಹಿರಿಯರ ಬಗ್ಗೆ ಇದ್ದಷ್ಟು ಶ್ರದ್ಧೆ ಅವರ ವಾರಸುದಾರರಿಗೆ ಇಲ್ಲವಾಯಿತು. ನಾಳೆ ಒಬ್ಬ ವಿದ್ಯಾರ್ಥಿ ಈ ಭಾಗದ ಕಾರ್ಮಿಕರ ಇತಿಹಾಸ ಬರೆಯಲು ಹೊರಟರೆ ಅವನಿಗೆ ಸಿಗುವುದು ಫೌಜದಾರನ ವರದಿ. ಅದರಲ್ಲಿ ಮುಷ್ಕರ ಎಂದರೆ ಗಲಾಟೆ, ಮೆರವಣಿಗೆ ಎಂದರೆ ಶಾಂತಿಭಂಗ, ಮುಖಂಡನೆಂದರೆ ಪುಂಡ. ಉಪವಾಸ ಬಿದ್ದ ಮನೆಗಳ ಲೆಕ್ಕ ಅದರಲ್ಲಿ ಸಿಕ್ಕೀತೇ? ಸಂಪಿನ ದಿನಗಳಲ್ಲಿ ಕಂಡಿಕೆ ಸುತ್ತುವ ಅಕ್ಕಂದಿರು ಎಷ್ಟು ಮಂದಿಗೆ ರೊಟ್ಟಿ ಬಡಿದು ಹಾಕಿದರು ಎಂಬುದು ಸಿಕ್ಕೀತೇ? ಅದನ್ನು ನಾವೇ ಬರೆದಿಡಬೇಕು.

ಗಿರಣಿ ಬಂಧುಗಳೇ, ನಿಮಗೆ ಇದು ಹೊಸ ಮಾತಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯು ಏಳು ಮಂದಿ ಕೂಡಿ ಸಂಘದ ನೋಂದಣಿಗೆ ಅರ್ಜಿ ಹಾಕಬಹುದೆಂದು ಹೇಳಿತು. ಅದರೊಂದಿಗೇ ಲೆಕ್ಕದ ಪುಸ್ತಕವನ್ನೂ ಸದಸ್ಯರ ಪಟ್ಟಿಯನ್ನೂ ಯಾವ ಸದಸ್ಯ ಕೇಳಿದರೂ ತೋರಿಸಬೇಕು, ವರುಷಕ್ಕೊಮ್ಮೆ ಜಮಾಖರ್ಚು ಒಪ್ಪಿಸಬೇಕು ಎಂದೂ ವಿಧಿಸಿತು. ಇಂಗ್ಲಿಷರ ಕಾಲದ ಕಾನೂನೇ ಸಂಘದ ಮುಖಂಡನಿಗೆ ಇಷ್ಟು ಶಿಸ್ತು ಹೇಳಿದ ಮೇಲೆ ಸಮಾಜವಾದಿ ಪಕ್ಷದ ಘಟಕ ಅದಕ್ಕಿಂತ ಕಡಿಮೆ ಇರಬಹುದೇ? ಹಾಜರಿ ತಿದ್ದಿದ ಮಾಲಕನನ್ನು ಲೆಕ್ಕ ತೋರಿಸೆಂದು ಬಾಗಿಲಲ್ಲಿ ನಿಲ್ಲಿಸುವವರು ತಮ್ಮ ಚಂದಾದ ಲೆಕ್ಕವನ್ನು ಮೊದಲು ತೋರಿಸಬೇಕು. ಲೆಕ್ಕವಿಲ್ಲದ ಸಂಘವನ್ನು ಮಾಲಕ ಹೆದರಿಸಬೇಕಾಗಿಲ್ಲ, ಒಂದು ಗುಮಾನಿಯ ಮಾತನ್ನು ಬಿಟ್ಟರೆ ಸಾಕು, ತಾನಾಗಿ ಒಡೆಯುತ್ತದೆ.

ಅಂಗಡಿಕಾರ ಮಿತ್ರರೇ, ನಿಮಗಂತೂ ಹೇಳುವುದೇ ಬೇಡ. ದೀಪಾವಳಿಯಲ್ಲಿ ಕಿರ್ದಿ ಖಾತೆಗಳಿಗೆ ಕುಂಕುಮ ಹಚ್ಚಿ ಪೂಜೆ ಮಾಡುವವರು ನೀವು. ಉದ್ರಿ ಬರೆಯದೆ ಕೊಟ್ಟರೆ ಏನಾಗುತ್ತದೆ? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಚಳವಳಿಯಲ್ಲಿಯೂ ಇದೇ ಆಗಿದೆ. ಜೈಲಿಗೆ ಹೋದವನು, ಅಂಗಡಿ ಮುಚ್ಚಿ ಬಂದವನು, ಮಗಳ ಮದುವೆಗೆಂದು ಇಟ್ಟ ಹಣದಿಂದ ಜಾಥಾದವರಿಗೆ ಊಟ ಹಾಕಿದವನು, ಇವರೆಲ್ಲ ಕೊಟ್ಟವರು. ಅವರ ಖಾತೆ ಯಾವ ಪುಸ್ತಕದಲ್ಲಿಯೂ ಇಲ್ಲ. ಕೊನೆಯ ದಿನ ಮಾಲೆ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡವನು ಈರಭದ್ರನಾಗಿ ಶಾಸಕನ ಕುರ್ಚಿಯ ಮೇಲೆ ಕೂತಿದ್ದಾನೆ. ಹೋರಾಟವೆಲ್ಲ ತನ್ನದೇ ಎಂದು ಅವನು ಹೇಳಿದರೆ ಅಲ್ಲವೆನ್ನಲು ನಮ್ಮ ಕೈಯಲ್ಲಿ ಏನಿದೆ?

ಕೆಲವರ ಆಕ್ಷೇಪ ಬೇರೆ. "ಹೆಸರು ಬರೆದಿಟ್ಟರೆ ಅಪಾಯ. ತುರ್ತು ಪರಿಸ್ಥಿತಿಯನ್ನು ಮರೆತಿರಾ?" ಎನ್ನುತ್ತಾರೆ. ಮರೆತಿಲ್ಲ. 1975ರಿಂದ 1977ರ ತನಕ ಮನೆಯಲ್ಲಿ ಕರಪತ್ರ ಸಿಕ್ಕರೆ ಮನೆಯವರಿಗೆಲ್ಲ ಕಷ್ಟವಿತ್ತು. ಬೆಂಗಳೂರಿನ ಸ್ನೇಹಲತಾ ರೆಡ್ಡಿಯವರು ಸೆರೆಮನೆಯಲ್ಲಿ ಆರೋಗ್ಯ ಕಳೆದುಕೊಂಡು ಹೊರಬಂದು 1977ರ ಜನವರಿಯಲ್ಲಿ ಪ್ರಾಣಬಿಟ್ಟರು. ಅಂಥ ಕಾಲದಲ್ಲಿ ಕಾಗದ ಸುಟ್ಟವನನ್ನು ನಾವು ದೂರುವುದಿಲ್ಲ. ಆದರೆ ಅಪಾಯಕ್ಕೆ ಸುಡುವುದೊಂದೇ ಉಪಾಯವೇ? 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿಯ ಸಮಾಜವಾದಿಗಳು ಮಾರ್ಕ್ಸ್ ಮತ್ತು ಏಂಗೆಲ್ಸರ ಕೈಬರಹಗಳನ್ನು ಗುಟ್ಟಾಗಿ ಗಡಿ ದಾಟಿಸಿದರು. ಆ ಕಾಗದಗಳು 1938ರಲ್ಲಿ ಆಮ್‌ಸ್ಟರ್‌ಡಾಮಿನ ಸಮಾಜ ಇತಿಹಾಸದ ಸಂಸ್ಥೆಗೆ ಸೇರಿದವು. ಇಂದೂ ಅಲ್ಲಿಯೇ ಇವೆ. ಪ್ರಾಣಭಯದಲ್ಲಿ ಅವರು ಕಾಯ್ದರು. ಇವತ್ತು ನಮ್ಮ ಅಟ್ಟದ ಪೆಟ್ಟಿಗೆಗೆ ಬಂದಿರುವ ಶತ್ರು ಗೆದ್ದಲು ಮತ್ತು ಆಲಸ್ಯ.

ನೀರನ್ನೂ ಮರೆಯಬಾರದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ಜನ ನವನಗರಕ್ಕೆ ಹೋದರು. ಮನೆ ಬಿಡುವ ದಿನ ಕೈಗೆ ಹತ್ತಿದ್ದನ್ನು ಮಾತ್ರ ಎತ್ತಿಕೊಂಡು ಹೋಗುವುದು ಸಹಜ. 2009ರಲ್ಲಿ ಮಲಪ್ರಭೆ ಏರಿತು. 2019ರಲ್ಲಿ ಮತ್ತೆ ಏರಿ ಪಟ್ಟದಕಲ್ಲಿನ ಗುಡಿಗಳ ಒಳಗೂ ನೀರು ಬಂತು. ಕಲ್ಲಿನ ಗುಡಿ ನೀರು ಇಳಿದ ಮೇಲೆ ಮತ್ತೆ ನಿಲ್ಲುತ್ತದೆ. ಕಾಗದಕ್ಕೆ ಒಂದೇ ಪ್ರವಾಹ ಸಾಕು. ಹಾಗಾಗಿ ತಡಮಾಡುವ ಒಂದೊಂದು ಮಳೆಗಾಲವೂ ನಮ್ಮ ಮೇಲಿನ ಸಾಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಹಳೆಯ ಕಾರ್ಯಕರ್ತರ ಮನೆಗೆ ಇಬ್ಬರಿಬ್ಬರು ಹೋಗಬೇಕು. ಪೆಟ್ಟಿಗೆ ಕಸಿದುಕೊಳ್ಳಬಾರದು. ಮನೆಯವರ ಎದುರಿಗೆ ಏನೇನಿದೆ ಎಂದು ಪಟ್ಟಿ ಮಾಡಿ ಅವರ ಸಹಿ ಪಡೆಯಬೇಕು. ಕೊಡಲು ಒಪ್ಪಿದರೆ ಪಾವತಿ ಬರೆದುಕೊಟ್ಟು ತರಬೇಕು. ಒಪ್ಪದಿದ್ದರೆ ಫೋಟೋ ತೆಗೆದುಕೊಳ್ಳಲು ಬಿಡಿರೆಂದು ಕೇಳಬೇಕು. ಈಗ ಎಲ್ಲರ ಕಿಸೆಯಲ್ಲಿಯೂ ಆ ಯಂತ್ರವಿದೆ. ಪ್ರತಿಗಳು ಎರಡು ಊರುಗಳಲ್ಲಿರಲಿ, ಅವುಗಳಲ್ಲಿ ಒಂದು ನದಿಯಿಂದ ದೂರವಿರಲಿ. ಒಂದು ಪ್ರತಿ ಯಾವ ಪಕ್ಷದ ಕೈಗೂ ಸಿಗದ ಸಾರ್ವಜನಿಕ ಗ್ರಂಥಾಲಯದಲ್ಲೋ ಕಾಲೇಜಿನಲ್ಲೋ ಇರಲಿ. ಮುಂದೆ ಪಕ್ಷ ಒಡೆದರೂ ದಫ್ತರ ಒಡೆಯಬಾರದು. ಬರೆಯಲು ಬಾರದ ಹಿರಿಯರ ಮಾತನ್ನು ಬಾಯಿಯಿಂದ ಕೇಳಿ ಬರೆದುಕೊಳ್ಳಬೇಕು, ಹೆಂಗಸರ ಮಾತನ್ನು ಮೊದಲು. ನಮ್ಮನ್ನು ಬೈದ ಕಾಗದವನ್ನೂ, ನಾವು ಸೋತ ಚುನಾವಣೆಯ ಲೆಕ್ಕವನ್ನೂ ತೆಗೆದುಹಾಕಬಾರದು. ಹೊಗಳಿಕೆಯಷ್ಟನ್ನೇ ಉಳಿಸಿದರೆ ಅದು ಭಟ್ಟಂಗಿಗಳ ಪುಸ್ತಕ.

ಈ ಕೆಲಸ ನಾಳೆಯಿಂದ ಎನ್ನುವವರಿಗೆ ನಮ್ಮದೊಂದೇ ಮಾತು. ಬರುವ ತಾಲೂಕು ಸಭೆಗೆ ಭಾಷಣದ ಚೀಟಿಯ ಬದಲು ನಿಮ್ಮ ಘಟಕದ ನಡಾವಳಿ ಪುಸ್ತಕವನ್ನು ತನ್ನಿರಿ. ಇದ್ದವರು ಹಳೆಯದನ್ನು ತರಲಿ. ಇಲ್ಲದವರು ಹೊಸ ಪುಸ್ತಕ ಕೊಂಡು, ಮೊದಲನೆಯ ಪುಟದಲ್ಲಿ ಅಂದಿನ ತಾರೀಖು ಹಾಕಿ, ಬಂದವರೆಲ್ಲರ ಸಹಿ ಹಾಕಿಸಲಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ. ಅದೂ ಇತಿಹಾಸವೇ.